ಹರಾಜಿಗೆ ಬಂದ ಮನೆಯನ್ನು ಕೊಳ್ಳುವ ಮುನ್ನ: ಕರಾವಳಿಯ ಓದುಗರಿಗೆ ಒಂದು ಮಾರ್ಗದರ್ಶಿ

ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಬ್ಯಾಂಕಿನ ಹರಾಜು ಪ್ರಕಟಣೆಯನ್ನು ಓದುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತಾರೆ: ಊರು ಯಾವುದು, ಎಷ್ಟು ಸೆಂಟ್ಸ್ ಜಾಗ, ಮೀಸಲು ಬೆಲೆ ಎಷ್ಟು. ಅದೇ ಪ್ರಕಟಣೆಯ ನಡುವೆ ಇರುವ ಇನ್ನೊಂದು ಪದವನ್ನು ಹೆಚ್ಚಿನವರು ದಾಟಿಕೊಂಡು ಹೋಗುತ್ತಾರೆ. ಮನೆ ಬ್ಯಾಂಕಿನ ‘ಭೌತಿಕ ಸ್ವಾಧೀನ’ದಲ್ಲಿದೆಯೋ ‘ಸಾಂಕೇತಿಕ ಸ್ವಾಧೀನ’ದಲ್ಲಿದೆಯೋ ಎಂಬುದನ್ನು ತಿಳಿಸುವ ಪದ ಅದು. ಭೌತಿಕ ಎಂದಿದ್ದರೆ ಬೀಗದ ಕೈ ಬ್ಯಾಂಕಿನ ಬಳಿ ಇದೆ ಎಂದರ್ಥ. ಸಾಂಕೇತಿಕ ಎಂದಿದ್ದರೆ ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ ಅಷ್ಟೆ. ಒಳಗೆ ಸಂಸಾರ ನಡೆಯುತ್ತಿರಬಹುದು, ಬಾಡಿಗೆದಾರರು ಇರಬಹುದು, ಹಾಸಿಗೆ ಹಿಡಿದ ಹಿರಿಯರೂ ಇರಬಹುದು. ಬ್ಯಾಂಕಿನ ಸಾಲ ವಸೂಲಾತಿ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ನನಗೆ ಮನದಟ್ಟಾದ ಮಾತು ಇದು: ಹರಾಜಿನಲ್ಲಿ ಕಡಿಮೆ ಬೆಲೆಗೆ ಸಿಗುವುದು ಮನೆಯಲ್ಲ, ಆ ಮನೆಯ ಮೇಲೆ ಬ್ಯಾಂಕಿಗೆ ಇರುವಷ್ಟು ಹಕ್ಕು ಮಾತ್ರ. ಆ ಹಕ್ಕು ಎಷ್ಟು, ಅದರಲ್ಲಿ ಏನು ಬಾಕಿ ಉಳಿದಿದೆ ಎಂಬುದನ್ನು ಬಿಡ್ ಹಾಕುವ ಮೊದಲು ಅಳೆಯಬೇಕಾದವರು ಕೊಳ್ಳುವವರೇ.

ಮನೆ ಹರಾಜಿಗೆ ಬಂದ ದಾರಿಯನ್ನು ತಿಳಿಯಿರಿ

ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ಮಾರಿ ಸಾಲ ವಸೂಲು ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ, ಸಾಲದ ಖಾತೆ ಎನ್‌ಪಿಎ (ಕಂತು ಬಾರದೆ ನಿಂತುಹೋದ ಸಾಲ) ಆದ ಮೇಲೆ ಬ್ಯಾಂಕು ಮೊದಲು 13(2)ನೇ ಕಲಮಿನ ನೋಟಿಸು ಕೊಟ್ಟು 60 ದಿನ ಕಾಯಬೇಕು. ಸಾಲಗಾರರು ಆಕ್ಷೇಪ ಸಲ್ಲಿಸಿದರೆ 15 ದಿನದೊಳಗೆ ಉತ್ತರ ಕೊಡಬೇಕು. ಆ ಬಳಿಕ 13(4)ರ ಅಡಿಯಲ್ಲಿ ಸ್ವಾಧೀನದ ನೋಟಿಸನ್ನು ಮನೆಗೆ ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಮೀಸಲು ಬೆಲೆ ನಿಗದಿ ಮಾಡಿದ ಮೇಲೆ, ಮೊದಲ ಹರಾಜಿಗೆ 30 ದಿನಗಳ ಮುಂಗಡ ಸೂಚನೆ ಬೇಕು. ಅದು ವಿಫಲವಾದರೆ ಮುಂದಿನ ಹರಾಜಿಗೆ 15 ದಿನ ಸಾಕು.

ಈ ತಾರೀಕುಗಳು ಕೊಳ್ಳುವವರಿಗೆ ಯಾಕೆ ಎಂದು ಅನೇಕರು ಕೇಳುತ್ತಾರೆ. ಸಾಲಗಾರರು 17ನೇ ಕಲಮಿನಡಿ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಸೋತರೆ ಚೆನ್ನೈಯಲ್ಲಿರುವ ಮೇಲ್ಮನವಿ ನ್ಯಾಯಮಂಡಳಿಯಿದೆ. ಬ್ಯಾಂಕು ನಡುವೆ ಒಂದು ಹಂತ ತಪ್ಪಿದೆ ಎಂದು ಅಲ್ಲಿ ಸಾಬೀತಾದರೆ ನಿಮ್ಮ ಖರೀದಿಯೇ ರದ್ದಾಗುವ ಸಂಭವವಿದೆ. ಹಣ ಮರಳಿ ಬಂದರೂ ಕಳೆದುಹೋದ ವರ್ಷಗಳು ಬರುವುದಿಲ್ಲ. ಆದ್ದರಿಂದ ಬ್ಯಾಂಕಿನ ಅಧಿಕೃತ ಅಧಿಕಾರಿಯ ಬಳಿ ಈ ನೋಟಿಸುಗಳ ಪ್ರತಿ ನೋಡಲು ಕೇಳಿ, ತಾರೀಕುಗಳನ್ನು ಬರೆದಿಟ್ಟುಕೊಂಡು, ನಿಮ್ಮ ವಕೀಲರಿಗೆ ತೋರಿಸಿರಿ. ನ್ಯಾಯಮಂಡಳಿಯ ಜಾಲತಾಣದಲ್ಲಿ ಸಾಲಗಾರರ ಹೆಸರು ಹಾಕಿ ಮೊಕದ್ದಮೆ ಇದೆಯೇ ಎಂದು ಹುಡುಕುವುದು ಅರ್ಧ ಗಂಟೆಯ ಕೆಲಸ.

ಸಾಲಗಾರರು ಕೊನೆಯ ಕ್ಷಣದಲ್ಲಿ ಹಣ ಕಟ್ಟಿ ಮನೆ ಬಿಡಿಸಿಕೊಂಡರೆ ಏನು ಗತಿ ಎಂಬ ಆತಂಕ ಈಗ ಮೊದಲಿನಷ್ಟಿಲ್ಲ. 2016ರ ತಿದ್ದುಪಡಿಯ ಬಳಿಕ, ಹರಾಜು ಪ್ರಕಟಣೆ ಹೊರಬೀಳುವ ತನಕ ಮಾತ್ರ ಅವರಿಗೆ ಆ ಹಕ್ಕು ಇದೆ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಇದನ್ನು ಎತ್ತಿ ಹಿಡಿದಿದೆ.

ಇಲ್ಲಿ ನಮ್ಮ ಜಿಲ್ಲೆಗಳಿಗೆ ಸಂಬಂಧಿಸಿದ ಒಂದು ಮಾತು ಹೇಳಬೇಕು. ಮಂಗಳೂರು–ಉಡುಪಿಯ ಪೇಟೆ ಪೇಟೆಗಳಲ್ಲಿ ಸಹಕಾರಿ ಬ್ಯಾಂಕುಗಳೂ ಇವೆ, ಕ್ರೆಡಿಟ್ ಸೊಸೈಟಿಗಳೂ ಸೌಹಾರ್ದ ಸಹಕಾರಿಗಳೂ ಇವೆ. ಸಹಕಾರಿ ಬ್ಯಾಂಕುಗಳು ಸರ್ಫೇಸಿ ಬಳಸಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿದೆ. ಬ್ಯಾಂಕ್ ಅಲ್ಲದ ಸೊಸೈಟಿಗಳು ಸಹಕಾರಿ ಕಾನೂನಿನಡಿ, ಮಾರಾಟಾಧಿಕಾರಿಯ ಮೂಲಕ ಹರಾಜು ಮಾಡುತ್ತವೆ. ಅದರ ಗಡುವುಗಳೂ ಆಕ್ಷೇಪಣೆಯ ದಾರಿಗಳೂ ಬೇರೆ. ಪ್ರಕಟಣೆಯ ತಲೆಬರಹದಲ್ಲಿ ಯಾವ ಕಾಯ್ದೆ ಎಂದು ಬರೆದಿದೆ ಎಂಬುದನ್ನು ಮೊದಲು ನೋಡಿರಿ. ಇಲ್ಲಿ ಹೇಳುತ್ತಿರುವುದು ಸರ್ಫೇಸಿಯ ವಿಚಾರ.

ಕಾಗದಪತ್ರ: ಕರಾವಳಿಯ ಜಾಗಕ್ಕೆ ಕರಾವಳಿಯ ಪ್ರಶ್ನೆಗಳು

ಋಣಭಾರ ಪತ್ರವನ್ನು ಕಾವೇರಿ ಜಾಲತಾಣದಿಂದ ಕನಿಷ್ಠ 30 ವರ್ಷಗಳಿಗೆ ತೆಗೆಸಿರಿ. ಅದರಲ್ಲಿ ಇಂದು ಇಲ್ಲದ ಬ್ಯಾಂಕುಗಳ ಹೆಸರು ಕಂಡರೆ ಗಾಬರಿ ಬೇಡ, ಆದರೆ ಬಿಟ್ಟೂ ಬಿಡಬೇಡಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಅದರ ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಇಲ್ಲಿ ಹುಟ್ಟಿ ಬೆಳೆದ ಬ್ಯಾಂಕುಗಳಾದ್ದರಿಂದ ನಮ್ಮೂರಿನ ಹಳೆಯ ಅಡಮಾನಗಳಲ್ಲಿ ಈ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಕೇಳಬೇಕಾದ ಪ್ರಶ್ನೆ ಎರಡೇ: ಆ ಹಳೆಯ ಸಾಲ ತೀರಿದ್ದಕ್ಕೆ ಖುಲಾಸೆ ಪತ್ರ ನೋಂದಣಿಯಾಗಿದೆಯೇ, ಮತ್ತು ಮೂಲ ಕ್ರಯಪತ್ರ ಈಗ ಹರಾಜು ಮಾಡುವ ಬ್ಯಾಂಕಿನ ಕೈಯಲ್ಲಿದೆಯೇ. ಮೂಲಪತ್ರವನ್ನು ಕಣ್ಣಾರೆ ನೋಡುವ ತನಕ ಸಮಾಧಾನಪಡಬೇಡಿ. ಅಡಮಾನಗಳ ಕೇಂದ್ರೀಯ ದಾಖಲೆಯಾದ ಸೆರ್ಸಾಯ್ ನೋಂದಣಿಯಲ್ಲಿ ಅದೇ ಜಾಗದ ಮೇಲೆ ಇನ್ನೊಂದು ಬ್ಯಾಂಕಿನ ಹಕ್ಕು ದಾಖಲಾಗಿದೆಯೇ ಎಂಬುದನ್ನೂ ಅಲ್ಪ ಶುಲ್ಕ ಕಟ್ಟಿ ಹುಡುಕಬಹುದು.

ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಋಣಗಳು ಇರುತ್ತವೆ. ಅದಕ್ಕಿಂತಲೂ ಮುಖ್ಯವಾದುದು ಜಾಗದ ಹಕ್ಕಿನ ಸ್ವರೂಪ. ವರ್ಗ ಜಾಗವೋ (ಸ್ವಂತ ಹಕ್ಕಿನದು), ಮೂಲಗೇಣಿಯೋ (ಶಾಶ್ವತ ಗೇಣಿಯದು), ದರ್ಖಾಸ್ತಿನಲ್ಲಿ ಸರ್ಕಾರದಿಂದ ಮಂಜೂರಾದದ್ದೋ? ಮಂಗಳೂರಿನ ಹಳೆಯ ಭಾಗಗಳಲ್ಲಿ ಮೂಲಗೇಣಿಯ ಹಕ್ಕನ್ನೇ ಅಡವಿಟ್ಟು ಸಾಲ ಪಡೆದಿರುವುದುಂಟು. ಅಂಥ ಕಡೆ ನಿಮಗೆ ಬರುವುದೂ ಅದೇ ಹಕ್ಕು, ಅದಕ್ಕಿಂತ ಹೆಚ್ಚಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸಿದೆ. ಮಂಜೂರಾತಿಯ ಮೂಲ ಕಾಗದವನ್ನೇ ತರಿಸಿ ಷರತ್ತು ಓದಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಇನ್ನೊಂದು ತೊಡಕು ಭೂಪರಿವರ್ತನೆಯದು. ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಕಾಯ್ದೆಯೇ ಅನ್ವಯಿಸುವುದಿಲ್ಲ. 31(ಐ) ಕಲಮು ಅದನ್ನು ಹೊರಗಿಟ್ಟಿದೆ. ನಮ್ಮಲ್ಲಿ 30 ಸೆಂಟ್ಸ್ ಜಾಗದಲ್ಲಿ ಮನೆಯಿರುವ 10 ಸೆಂಟ್ಸ್ ಮಾತ್ರ ಪರಿವರ್ತನೆಯಾಗಿ, ಉಳಿದದ್ದು ತೆಂಗು ಕಂಗಿನ ತೋಟವಾಗಿ ಪಹಣಿಯಲ್ಲಿ ಹಾಗೆಯೇ ಇರುವುದು ಬಹಳ ಸಾಮಾನ್ಯ. ಕೃಷಿ ಜಮೀನು ಹೌದೋ ಅಲ್ಲವೋ ಎಂಬುದನ್ನು ಪಹಣಿಯ ಒಂದು ನಮೂದಿನಿಂದಲ್ಲ, ನಿಜವಾದ ಬಳಕೆಯನ್ನೂ ಸಂದರ್ಭವನ್ನೂ ನೋಡಿ ತೀರ್ಮಾನಿಸಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂದರೆ ವಾದಕ್ಕೆ ಅವಕಾಶ ಉಳಿದಿದೆ. ಪರಿವರ್ತನೆಯ ಆದೇಶ, ನಕ್ಷೆ, ಪಂಚಾಯತ್ ವ್ಯಾಪ್ತಿಯಾದರೆ ಫಾರಂ 9 ಮತ್ತು 11, ನಗರವಾದರೆ ಇ-ಖಾತೆ ಇವು ಮನೆಗೂ ಜಾಗಕ್ಕೂ ಪೂರ್ತಿ ಹೊಂದಿಕೆಯಾಗದಿದ್ದರೆ ಆ ಹರಾಜಿನಿಂದ ದೂರ ನಿಲ್ಲುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಅಳಿಯಸಂತಾನ ಪದ್ಧತಿಯಲ್ಲಿ ಬಂದ ಕುಟುಂಬದ ಆಸ್ತಿಯಾಗಿದ್ದರೆ ಪಾಲುಪಟ್ಟಿಯನ್ನು ಕಡೆಯ ಸಹಿಯ ತನಕ ಓದಿರಿ. ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇರುವ ಒಬ್ಬ ಪಾಲುದಾರರು ಬಿಟ್ಟುಹೋಗಿದ್ದರೆ, ಅವರು ಸಿವಿಲ್ ದಾವೆ ಹೂಡಲು ಸರ್ಫೇಸಿ ಅಡ್ಡಿಯಾಗದು. ಮಾಲೀಕತ್ವದ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯವೇ ತೀರ್ಮಾನಿಸಬೇಕೆಂಬುದನ್ನು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಜಾಗದೊಳಗೆ ನಾಗಬನವೋ ದೈವದ ಗುಡಿಯೋ ಇದ್ದರೆ, ಅಲ್ಲಿಗೆ ವರ್ಷಕ್ಕೊಮ್ಮೆ ತನು ಹಾಕಲು ಯಾರು ಬರುತ್ತಾರೆ, ಯಾವ ದಾರಿಯಿಂದ ಬರುತ್ತಾರೆ ಎಂದು ಹಿರಿಯರ ಬಳಿ ವಿಚಾರಿಸಿರಿ. ಕ್ರಯಪತ್ರದಲ್ಲಿ ಒಂದು ಸಾಲೂ ಇಲ್ಲದಿದ್ದರೂ ಆ ದಾರಿಯನ್ನು ಮುಚ್ಚಲು ನಿಮ್ಮಿಂದಾಗದು; ಮುಚ್ಚಬಾರದು ಕೂಡ.

ಸ್ಥಳಕ್ಕೆ ಎರಡು ಸಲ ಹೋಗಿರಿ

ಒಮ್ಮೆ ಬ್ಯಾಂಕಿನವರ ಜೊತೆ, ಇನ್ನೊಮ್ಮೆ ನೀವೇ. ಸಾಧ್ಯವಾದರೆ ಎರಡನೆಯ ಸಲ ಖಾಸಗಿ ಸರ್ವೆಯರ್ ಒಬ್ಬರನ್ನು ಕರೆದುಕೊಂಡು ಹೋಗಿರಿ.

ಕೆಲವು ವರ್ಷಗಳ ಹಿಂದೆ ಕಟಪಾಡಿಯ ಸಮೀಪ ಹರಾಜಿಗೆ ಬಂದ ಒಂದು ಮನೆಯನ್ನು ನೋಡಲು ನನ್ನ ಭಾವನ ಜೊತೆ ಹೋಗಿದ್ದೆ. 14 ಸೆಂಟ್ಸ್ ಜಾಗ, ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದ ಬದಿಯಲ್ಲಿ ಕಲ್ಲು ಕಟ್ಟಿದ ಚಂದದ ಬಾವಿ. ಬಾಗಿಲಿಗೆ ಬ್ಯಾಂಕಿನ ಬೀಗ, ಅದರ ಮೇಲೆ ಅರಗಿನ ಮುದ್ರೆ, ಪಕ್ಕದಲ್ಲಿ ಮಳೆಗೆ ತೊಯ್ದು ಅಕ್ಷರ ಮಾಸಿದ ನೋಟಿಸು. ಭಾವನಿಗೆ ಬಾವಿ ಬಹಳ ಹಿಡಿಸಿತು. ನಾವು ಇಣುಕುತ್ತಿದ್ದುದನ್ನು ಕಂಡು ಬೇಲಿಯಾಚೆಯಿಂದ ಬಂದ ಹಿರಿಯ ಹೆಂಗಸೊಬ್ಬರು ತಣ್ಣಗೆ ಹೇಳಿದರು: “ಬಾವಿ ಆ ಮನೆಯದ್ದಲ್ಲ ಮಾರಾಯ್ರೆ, ನಮ್ಮ ವರ್ಗದ್ದು. ಅವ್ರಿಗೆ ನೀರು ಸೇದ್ಲಿಕ್ಕೆ ಬಿಟ್ಟದ್ದು ಅಷ್ಟೆ.” ಸರ್ವೆಯರ್ ಬಂದು ಅಳೆದಾಗ ಅವರ ಮಾತು ನಿಜವಾಗಿತ್ತು. ಅಷ್ಟೇ ಅಲ್ಲ, ಗೇಟಿನಿಂದ ಡಾಂಬರು ರಸ್ತೆಯ ತನಕದ ದಾರಿ ಇನ್ನೊಬ್ಬರ ಗದ್ದೆಯ ಹುಣಿಯನ್ನು ಅಗಲ ಮಾಡಿ ಮಾಡಿದ್ದು. ಅದಕ್ಕೆ ಬರವಣಿಗೆ ಏನೂ ಇರಲಿಲ್ಲ. ಬ್ಯಾಂಕಿನ ಮೌಲ್ಯಮಾಪನ ವರದಿಯಲ್ಲಿ ಮಾತ್ರ ‘ತೆರೆದ ಬಾವಿ, ರಸ್ತೆ ಸೌಲಭ್ಯ’ ಎಂದು ಅಚ್ಚುಕಟ್ಟಾಗಿ ನಮೂದಾಗಿತ್ತು. ಭಾವ ಆ ಸಲ ಬಿಡ್ ಹಾಕಲಿಲ್ಲ. ಮೀಸಲು ಬೆಲೆ ಇಳಿದು ಎರಡನೆಯ ಸಲ ಹರಾಜಿಗೆ ಬಂದಾಗ, ಬೋರ್‌ವೆಲ್ಲಿನ ಖರ್ಚನ್ನು ಲೆಕ್ಕ ಹಾಕಿ, ಗದ್ದೆಯವರ ಬಳಿ ದಾರಿಯ ಹಕ್ಕಿಗೆ ಮೊದಲೇ ಮಾತಾಡಿಕೊಂಡು ಹಾಕಿದರು.

ಬಾವಿ ಮತ್ತು ದಾರಿಯ ಜೊತೆಗೆ ಕುಮ್ಕಿಯನ್ನೂ ನೋಡಬೇಕು. ವರ್ಗದಾರರಿಗೆ ತಮ್ಮ ಜಾಗದಿಂದ 100 ಗಜದ ಒಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆಯಂಥ ಸವಲತ್ತುಗಳಿದ್ದವು, ಅದು ಮಾಲೀಕತ್ವವಲ್ಲ. ಆದರೆ ಆವರಣ ಗೋಡೆಯನ್ನು ಕುಮ್ಕಿಯನ್ನೂ ಸೇರಿಸಿ ಕಟ್ಟಿದ ಮನೆಗಳು ಬೇಕಾದಷ್ಟಿವೆ. ಕಣ್ಣಿಗೆ 25 ಸೆಂಟ್ಸ್ ಕಂಡರೂ ನಿಮಗೆ ಬರುವುದು ಪತ್ರದಲ್ಲಿರುವ 14 ಸೆಂಟ್ಸ್ ಮಾತ್ರ. ಕಡಲಿನ ಬದಿ, ನೇತ್ರಾವತಿ, ಫಲ್ಗುಣಿ, ಸ್ವರ್ಣೆ, ಸೀತಾ ನದಿಗಳ ದಡ, ಅಳಿವೆಯ ಸಮೀಪದ ಜಾಗವಾದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆಯನ್ನು ನೋಡದೆ ಮುಂದುವರಿಯಬೇಡಿ. ಇರುವ ಮನೆ ಕೆಡವಿ ಹೊಸದು ಕಟ್ಟುವ ಆಲೋಚನೆಯಿದ್ದರಂತೂ ಇದು ಮೊದಲ ಕೆಲಸ.

ಬೀಗ ಹಾಕಿದ ಮನೆ ನಮ್ಮ ಮಳೆಗಾಲದಲ್ಲಿ ಎಷ್ಟು ಬೇಗ ಹಾಳಾಗುತ್ತದೆ ಎಂಬುದನ್ನು ಘಟ್ಟದ ಮೇಲಿನವರು ಊಹಿಸಲಾರರು. ಒಂದು ಹಂಚು ಜಾರಿದರೆ ಸಾಕು, ಆಟಿ ಮುಗಿಯುವಷ್ಟರಲ್ಲಿ ಪಕ್ಕಾಸು ರೀಪುಗಳು ಕುಂಬಾಗಿ, ಒರಲೆ ಬಾಗಿಲ ದಾರಂದದ ತನಕ ಏರಿರುತ್ತದೆ. ತಾರಸಿ ಮನೆಯಾದರೆ ಛಾವಣಿಯ ಅಡಿಭಾಗದಲ್ಲಿ ಕಂದು ಕಲೆ, ಕಬ್ಬಿಣ ಉಬ್ಬಿ ಸಿಮೆಂಟು ಕಳಚಿದ ಜಾಗ ಇವನ್ನು ಟಾರ್ಚು ಹಾಕಿ ನೋಡಿರಿ. ಬೇಸಗೆಯಲ್ಲಿ ನೋಡಿದ ಮನೆಯನ್ನು ಮಳೆ ಬಂದ ಮರುದಿನ ಇನ್ನೊಮ್ಮೆ ನೋಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಯಿಲ್ಲ. ಕಡಲ ಬದಿಯ ಬಾವಿಯ ನೀರನ್ನು ಮಾತ್ರ ಏಪ್ರಿಲ್–ಮೇ ತಿಂಗಳಲ್ಲೇ ಬಾಯಿಗೆ ಹಾಕಿ ನೋಡಬೇಕು, ಉಪ್ಪು ಗೊತ್ತಾಗುವುದು ಆಗಲೇ.

ಫ್ಲ್ಯಾಟ್ ಆದರೆ ಕೆಲಸ ಸ್ವಲ್ಪ ಕಡಿಮೆ. ಅಸೋಸಿಯೇಷನ್‌ನ ಕಾರ್ಯದರ್ಶಿಯಿಂದ ನಿರ್ವಹಣಾ ಶುಲ್ಕದ ಬಾಕಿಯನ್ನು, ಪಾಲಿಕೆಯಿಂದ ಮನೆ ತೆರಿಗೆಯ ಬಾಕಿಯನ್ನು, ಮೆಸ್ಕಾಂನಿಂದ ವಿದ್ಯುತ್ ಬಾಕಿಯನ್ನು ಕೇಳಿ ಬರೆದುಕೊಳ್ಳಿರಿ. ‘ಇದ್ದಲ್ಲಿ ಇದ್ದ ಹಾಗೆ’ ಎಂಬ ಷರತ್ತಿನಲ್ಲಿ ಮಾರಾಟವಾದ ಆಸ್ತಿಗೆ ಮತ್ತೆ ವಿದ್ಯುತ್ ಸಂಪರ್ಕ ಕೊಡುವಾಗ ಹಳೆಯ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಲು, ನಿಯಮದಲ್ಲಿ ಹಾಗೆ ಇದ್ದರೆ, ವಿದ್ಯುತ್ ಸಂಸ್ಥೆಗೆ ಅವಕಾಶವಿದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಹಣದ ಲೆಕ್ಕ

ಸರ್ಫೇಸಿ ಹರಾಜಿನಲ್ಲಿ ಸಮಯವೇ ದೊಡ್ಡ ಅಪಾಯ. ಒಂದು ಉದಾಹರಣೆ ನೋಡೋಣ. ಮೀಸಲು ಬೆಲೆ 42 ಲಕ್ಷ ರೂಪಾಯಿ, ಮುಂಗಡ ಠೇವಣಿ ಸಾಮಾನ್ಯವಾಗಿ ಅದರ ಶೇ. 10, ಅಂದರೆ 4.2 ಲಕ್ಷ. ನೀವು 52 ಲಕ್ಷಕ್ಕೆ ಗೆದ್ದಿರಿ ಎಂದಿಟ್ಟುಕೊಳ್ಳಿ. ಬಿಡ್ ಮೊತ್ತದ ಶೇ. 25, ಅಂದರೆ 13 ಲಕ್ಷವನ್ನು ಅದೇ ದಿನ, ತಪ್ಪಿದರೆ ಮರುದಿನದ ಕೆಲಸದ ಅವಧಿಯೊಳಗೆ ಕಟ್ಟಬೇಕು. ಠೇವಣಿ ಕಳೆದು 8.8 ಲಕ್ಷ ಒಂದೇ ದಿನದಲ್ಲಿ ಕೈಯಲ್ಲಿರಬೇಕು. ಉಳಿದ 39 ಲಕ್ಷವನ್ನು ಮಾರಾಟ ದೃಢೀಕರಣವಾದ 15 ದಿನದೊಳಗೆ ಕಟ್ಟಬೇಕು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಗರಿಷ್ಠ ಮೂರು ತಿಂಗಳು. ತಪ್ಪಿದರೆ ಕಟ್ಟಿದ 13 ಲಕ್ಷವೂ ಮುಟ್ಟುಗೋಲಾಗುತ್ತದೆ. ಬ್ಯಾಂಕಿಗೆ ನಷ್ಟವೇ ಆಗಿರದಿದ್ದರೂ ಪೂರ್ತಿ ಮೊತ್ತವನ್ನು ಮುಟ್ಟುಗೋಲು ಹಾಕಬಹುದೆಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಇದರಲ್ಲಿ ಕರುಣೆಗೆ ಜಾಗ ಉಳಿದಿಲ್ಲ.

ಆದ್ದರಿಂದ ಗೃಹಸಾಲ ಬೇಕಾದವರು ಹರಾಜಿಗೆ ಮೊದಲೇ, ಅದೇ ಆಸ್ತಿಯ ಕಾಗದಗಳನ್ನು ತೋರಿಸಿ, ಲಿಖಿತ ಮಂಜೂರಾತಿ ಪಡೆದಿರಬೇಕು. ಶಾಖೆಯಲ್ಲಿ ಯಾರಾದರೂ “ಆಗ್ತದೆ, ಮಾಡಿಕೊಡುವ” ಎಂದರೆ ಅದನ್ನು ನಂಬಿ ಬಿಡ್ ಹಾಕಬೇಡಿರಿ. ಇಂಥ ಒಂದು ಭರವಸೆಯ ಮೇಲೆ ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಕಳೆದುಕೊಂಡವರನ್ನು ನಾನು ಬಲ್ಲೆ.

ಬೆಲೆಯ ಮೇಲೆ ಬರುವ ಖರ್ಚು ಬೇರೆ. 45 ಲಕ್ಷಕ್ಕೆ ಮೇಲ್ಪಟ್ಟ ಆಸ್ತಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5; ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಹರಾಜಿನ ಮೊತ್ತವನ್ನೇ ಲೆಕ್ಕಕ್ಕೆ ಹಿಡಿದರೆ 52 ಲಕ್ಷಕ್ಕೆ ಇವೆರಡೂ ಸೇರಿ 3,95,200 ರೂಪಾಯಿ. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1ರ ಟಿಡಿಎಸ್ ಅನ್ನು ನೀವು ಬೆಲೆಯಿಂದ ಕಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಯಾರ ಪಾನ್ ಹೆಸರಿನಲ್ಲಿ ಕಟ್ಟಬೇಕೆಂಬುದನ್ನು ಅಧಿಕೃತ ಅಧಿಕಾರಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ನಮ್ಮಲ್ಲಿ ಬಹಳಷ್ಟು ಮನೆಗಳ ಮಾಲೀಕರು ದುಬೈ, ಕುವೈತ್, ಮಸ್ಕತ್‌ಗಳಲ್ಲಿರುವವರು. ಮಾಲೀಕರು ಅನಿವಾಸಿಯಾಗಿದ್ದರೆ ಈ ಶೇ. 1ರ ನಿಯಮ ಅನ್ವಯಿಸುವುದಿಲ್ಲ, ದರವೂ ವಿಧಾನವೂ ಬೇರೆ. ಲೆಕ್ಕಪರಿಶೋಧಕರನ್ನು ಕೇಳದೆ ಹಣ ಕಟ್ಟಬೇಡಿರಿ.

ಬಿಡ್ ಹಾಕುವ ದಿನ

ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳ ಆಸ್ತಿಗಳು ಬ್ಯಾಂಕ್‌ನೆಟ್ ಎಂಬ ಜಾಲತಾಣದಲ್ಲಿ ಸಿಗುತ್ತವೆ. ನೋಂದಣಿ, ಗುರುತಿನ ಪರಿಶೀಲನೆ, ಠೇವಣಿ ವರ್ಗಾವಣೆ ಇವಕ್ಕೆ ಕೆಲವು ದಿನ ಹಿಡಿಯುವುದರಿಂದ ಕೊನೆಯ ದಿನಕ್ಕೆ ಉಳಿಸಬೇಡಿರಿ. ರಿಪೇರಿ, ಬಾಕಿ, ಶುಲ್ಕ, ವಕೀಲರ ಖರ್ಚು ಎಲ್ಲವನ್ನೂ ಕಳೆದು ನಿಮ್ಮ ಗರಿಷ್ಠ ಮೊತ್ತವನ್ನು ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆದು, ಮನೆಯವರೊಬ್ಬರ ಕೈಯಲ್ಲಿ ಕೊಡಿರಿ. ಕೊನೆಯ ನಿಮಿಷದಲ್ಲಿ ಬಿಡ್ ಬಂದರೆ ಸಮಯ ತಾನಾಗಿ ವಿಸ್ತರಣೆಯಾಗುತ್ತಾ ಹೋಗುವ ವ್ಯವಸ್ಥೆ ಸಾಮಾನ್ಯ; ಅಂಥ ಹೊತ್ತಿನಲ್ಲಿ ಐದೈದು ನಿಮಿಷಕ್ಕೆ ಇಪ್ಪತ್ತೈದು ಸಾವಿರ ಏರಿಸುವುದು ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಮನೆ ಸಾಂಕೇತಿಕ ಸ್ವಾಧೀನದಲ್ಲಿದ್ದರೆ ಆ ಮೊತ್ತದಿಂದ ಇನ್ನೂ ಗಣನೀಯವಾಗಿ ಕಡಿಮೆ ಮಾಡಿರಿ. ಬ್ಯಾಂಕು 14ನೇ ಕಲಮಿನಡಿ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಹಾಕಿ, ಆದೇಶ ಪಡೆದು, ಪೊಲೀಸರ ಸಹಾಯದಿಂದ ಮನೆ ತೆರವು ಮಾಡಿಸಬೇಕು. ಕಾಯ್ದೆಯಲ್ಲಿ ಆದೇಶಕ್ಕೆ 30 ದಿನ, ಕಾರಣ ಬರೆದಿಟ್ಟು 60 ದಿನದ ತನಕ ಎಂದಿದ್ದರೂ ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಹಿಡಿದದ್ದನ್ನು ಕಂಡಿದ್ದೇನೆ. ಅಷ್ಟು ಕಾಲ ನಿಮ್ಮ ಸಾಲದ ಕಂತು ನಡೆಯುತ್ತಲೇ ಇರುತ್ತದೆ. ಮೊದಲ ಸಲ ಕೊಳ್ಳುವವರು, ಬಾಡಿಗೆ ಮನೆಯಲ್ಲಿದ್ದು ಇದೇ ಮನೆಗೆ ಹೋಗಬೇಕೆಂದಿರುವವರು ಭೌತಿಕ ಸ್ವಾಧೀನದ ಆಸ್ತಿಯನ್ನಷ್ಟೇ ನೋಡಬೇಕೆಂಬುದು ನನ್ನ ಗಟ್ಟಿಯಾದ ಸಲಹೆ.

ಒಳಗಿರುವ ಕುಟುಂಬದ ಜೊತೆ ನೀವಾಗಿ ಜಗಳಕ್ಕೆ ಹೋಗಬೇಡಿರಿ, ಬೀಗ ಒಡೆಯಬೇಡಿರಿ, ಮಧ್ಯವರ್ತಿಗಳನ್ನು ಕಳಿಸಬೇಡಿರಿ. ತೆರವು ಮಾಡಿಸುವ ಹೊಣೆ ಬ್ಯಾಂಕಿನದು. ಅವರು ಆ ಮನೆಯಲ್ಲಿ ಮಕ್ಕಳನ್ನು ಬೆಳೆಸಿದವರು ಎಂಬ ಅರಿವಿನಿಂದ, ವಕೀಲರ ಸಮ್ಮುಖದಲ್ಲಿ ಸಾಗಾಟದ ಖರ್ಚು ಕೊಟ್ಟು ಒಂದು ತಿಂಗಳ ಸಮಯ ಒಪ್ಪಿಕೊಂಡ ಖರೀದಿದಾರರಿಗೆ ಕೀಲಿಕೈ ಬೇಗ ಸಿಕ್ಕಿದ್ದನ್ನು ನೋಡಿದ್ದೇನೆ.

ಗೆದ್ದ ಬಳಿಕ

ಪೂರ್ತಿ ಹಣ ಕಟ್ಟಿದ ಮೇಲೆ ಅಧಿಕೃತ ಅಧಿಕಾರಿ ಮಾರಾಟ ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಸರ್ವೆ ನಂಬರು, ಚೆಕ್ಕುಬಂದಿ, ವಿಸ್ತೀರ್ಣ, ನಿಮ್ಮ ಹೆಸರಿನ ಅಕ್ಷರಗಳು ಇವನ್ನು ಸಹಿಯಾಗುವ ಮೊದಲೇ ಕರಡಿನಲ್ಲಿ ನೋಡಿ ತಿದ್ದಿಸಿರಿ. ಆಮೇಲೆ ತಿದ್ದುಪಡಿ ಪತ್ರಕ್ಕಾಗಿ ಅಲೆಯುವುದು ತಿಂಗಳುಗಳ ಕೆಲಸ. ಪ್ರಮಾಣಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಿಸಿ, ಪಹಣಿ ಮತ್ತು ಖಾತೆಯಲ್ಲಿ ಹೆಸರು ಬದಲಾಯಿಸಿಕೊಂಡು, ಸೆರ್ಸಾಯ್‌ನಲ್ಲಿ ಬ್ಯಾಂಕಿನ ಹಳೆಯ ಹಕ್ಕು ತೆಗೆದುಹಾಕಿದ್ದಕ್ಕೆ ಪ್ರತಿ ಪಡೆಯಿರಿ. ಹಳೆಯ ಮೂಲಪತ್ರಗಳೆಲ್ಲವನ್ನೂ ಪಟ್ಟಿ ಮಾಡಿ, ಆ ಪಟ್ಟಿಗೆ ಬ್ಯಾಂಕಿನ ಸಹಿ ಹಾಕಿಸಿಕೊಂಡೇ ಮನೆಗೆ ತನ್ನಿರಿ.

ಕೀಲಿಕೈ ಕೊಡುವ ದಿನ ಬ್ಯಾಂಕಿನವರು ಬರೆಯುವ ಪಂಚನಾಮೆಯಲ್ಲಿ ಒಳಗೆ ಉಳಿದಿರುವ ಪ್ರತಿಯೊಂದು ಸಾಮಾನೂ ಬರಲಿ. ಕಪಾಟಿನಲ್ಲಿ ಮಕ್ಕಳ ಅಂಕಪಟ್ಟಿ, ಗೋಡೆಯಲ್ಲಿ ಹಿರಿಯರ ಪಟ, ದೇವರ ಕೋಣೆಯಲ್ಲಿ ಕಾಲುದೀಪ ಉಳಿದಿರುವುದುಂಟು; ಅವು ಹರಾಜಿನಲ್ಲಿ ನಿಮಗೆ ಬಂದ ಸೊತ್ತುಗಳಲ್ಲ. ಫೋಟೋ ತೆಗೆದು, ಬ್ಯಾಂಕಿನ ಮೂಲಕ ಹಳೆಯ ಮಾಲೀಕರಿಗೆ ತಲುಪಿಸಿ, ತಲುಪಿದ್ದಕ್ಕೆ ರಶೀದಿ ಪಡೆಯಿರಿ. ಅದೇ ದಿನ ಮೆಸ್ಕಾಂ ಮೀಟರಿನ ರೀಡಿಂಗನ್ನೂ ತಾರೀಕು ಸಹಿತ ಫೋಟೋ ತೆಗೆದಿಟ್ಟು, ಸಂಜೆಯೊಳಗೆ ಬೀಗಗಳನ್ನೆಲ್ಲ ಬದಲಾಯಿಸಿರಿ.